ಹೋರಿಯ ಬೆಲೆ, ಹಿಂಡಿನ ಲಾಭ: ಅಂತರ್ಜಾಲದ ಸೂಚ್ಯಂಕವೂ ಮಾಲೀಕನ ಲೆಕ್ಕವೂ

ಲಾಭ ಹುಟ್ಟುವುದು ಮಾರಾಟದಲ್ಲಲ್ಲ, ಖರೀದಿಯಲ್ಲಿ ಎಂಬುದು ವರ್ತಕರಲ್ಲಿ ಬಹು ಹಿಂದಿನಿಂದ ಬಂದ ತಿಳಿವಳಿಕೆ. ಕೊಳ್ಳುವಾಗ ಆದ ತಪ್ಪನ್ನು ಮಾರುವಾಗ ತಿದ್ದಿಕೊಳ್ಳುವುದು ಕಷ್ಟ. ದಾಸ್ತಾನಿನ ಖರೀದಿಯಲ್ಲಿ ಆದ ತಪ್ಪು ಒಂದು ಹಂಗಾಮಿಗೆ ಮುಗಿಯುತ್ತದೆ. ಯಂತ್ರದ ಖರೀದಿಯಲ್ಲಿ ಆದ ತಪ್ಪು ಸಾಲದ ಕಂತು ತೀರುವವರೆಗೆ ಕಾಡುತ್ತದೆ. ಆದರೆ ದನದ ಹಿಂಡಿಗೆ ತಂದ ಬೀಜದ ಹೋರಿಯ ವಿಷಯದಲ್ಲಿ ಆದ ತಪ್ಪು ಹೋರಿಯನ್ನು ಮಾರಿದ ಮೇಲೂ ಅದರ ಹೆಣ್ಣು ಸಂತತಿಯ ರೂಪದಲ್ಲಿ ಹತ್ತು ವರ್ಷ ಹಿಂಡಿನಲ್ಲೇ ಉಳಿದು, ಪ್ರತಿ ವರ್ಷವೂ ಮೇವಿನ ಖರ್ಚನ್ನು ಕೇಳುತ್ತದೆ. ಈ ಕಾರಣದಿಂದಲೇ ಅಮೆರಿಕದ ಮಾಂಸೋದ್ದೇಶದ ದನ ಸಾಕಣೆದಾರರು ಹೋರಿಯ ಆಯ್ಕೆಯನ್ನು ಅಂತರ್ಜಾಲದ ಲೆಕ್ಕಾಚಾರಕ್ಕೆ ಒಪ್ಪಿಸಿರುವ ಬಗೆ, ಮತ್ತು ಅದರಲ್ಲಿ ಅವರು ಕಲಿತಿರುವ ಪಾಠ, ಯಾವುದೇ ಉದ್ದಿಮೆಯ ಮಾಲೀಕನಿಗೂ ಅಧ್ಯಯನಯೋಗ್ಯವಾಗಿದೆ.

ಆ ದೇಶದ ಆಹಾರ ಪದ್ಧತಿ ಬೇರೆ. ಈ ನಾಡಿನ ನಂಬಿಕೆ, ಕಾನೂನುಗಳು ಬೇರೆ. ಇಲ್ಲಿ ಪರಿಶೀಲಿಸಬೇಕಾಗಿರುವುದು ಆಹಾರವನ್ನಲ್ಲ, ಲೆಕ್ಕದ ವಿಧಾನವನ್ನು. ಅಮೆರಿಕದ ಈ ಸಾಕಣೆದಾರರೆಲ್ಲರೂ ಸಾವಿರಾರು ಎಕರೆಯ ಧಣಿಗಳೆಂಬ ಕಲ್ಪನೆಯೂ ಸರಿಯಲ್ಲ. ಅಲ್ಲಿ ಕರು ಉತ್ಪಾದಿಸುವ ಸರಾಸರಿ ಹಿಂಡಿನಲ್ಲಿ ಇರುವುದು 50ಕ್ಕಿಂತ ಕಡಿಮೆ ಹಸುಗಳು. ಒಂದು ತಪ್ಪು ಖರೀದಿಯನ್ನು ತಡೆದುಕೊಳ್ಳುವ ಶಕ್ತಿ ಅವರಿಗೂ ಸೀಮಿತವೇ.

ಕಣ್ಣಳತೆಯಿಂದ ಅಂಕಿಯತ್ತ

ಅಂಕಿಗಳು ಬರುವ ಮೊದಲು ಹೋರಿಯನ್ನು ಆರಿಸುತ್ತಿದ್ದುದು ಕಣ್ಣಳತೆಯಿಂದ. ಪ್ರದರ್ಶನದ ಕಣದಲ್ಲಿ ಬಹುಮಾನ ಗೆದ್ದ ಹೋರಿಗೆ ಹೆಚ್ಚು ಬೆಲೆ. 1940ರ ದಶಕದ ಸುಮಾರಿನಲ್ಲಿ ಗಿಡ್ಡನೆಯ, ಗುಂಡಗಿನ ದನಗಳೇ ಶ್ರೇಷ್ಠವೆಂಬ ಅಭಿರುಚಿ ಬೆಳೆಯಿತು. ಅದರ ಫಲವಾಗಿ ಹೆರೆಫರ್ಡ್ ಮತ್ತು ಆಂಗಸ್ ತಳಿಗಳಲ್ಲಿ ಕುಬ್ಜತೆಯ ದೋಷ ಹರಡಿ, 1950ರ ದಶಕದಲ್ಲಿ ತಳಿಗಾರರು ತತ್ತರಿಸಿದರು. ಆ ಅನುಭವದ ನಂತರ ತಕ್ಕಡಿ ಇನ್ನೊಂದು ಬದಿಗೆ ವಾಲಿತು. 1970 ಮತ್ತು 80ರ ದಶಕಗಳಲ್ಲಿ ಎತ್ತರದ, ಉದ್ದ ಕಾಲಿನ ದನಗಳೇ ಬಹುಮಾನ ಗೆದ್ದವು. ಎರಡೂ ಬಾರಿ ಬಹುಮಾನ ಕೊಟ್ಟವರು ಮೇವಿನ ಖರ್ಚನ್ನು ಹೊತ್ತವರಲ್ಲ ಎಂಬುದನ್ನು ಗಮನಿಸಬೇಕು.

ಇದಕ್ಕೆ ಪರ್ಯಾಯವಾದ ಶಾಸ್ತ್ರ ಅಷ್ಟರಲ್ಲಿ ಸಿದ್ಧವಾಗುತ್ತಿತ್ತು. ಅಯೋವಾ ರಾಜ್ಯದ ಏಮ್ಸ್‌ನಲ್ಲಿ ಜೇ ಲಷ್ ಅವರು ಪಶು ತಳಿಶಾಸ್ತ್ರಕ್ಕೆ ಸಂಖ್ಯಾಶಾಸ್ತ್ರದ ಅಡಿಪಾಯ ಹಾಕಿದರು. ಅದೇ ಪರಂಪರೆಯ ಲೆನಾಯ್ ಹೇಝಲ್ ಅವರು 1943ರಲ್ಲಿ, ಅನೇಕ ಗುಣಗಳಿಗೆ ಅವುಗಳ ಆರ್ಥಿಕ ಮಹತ್ವಕ್ಕೆ ಅನುಗುಣವಾದ ತೂಕ ಕೊಟ್ಟು ಒಂದೇ ಸೂಚ್ಯಂಕ ರಚಿಸುವ ವಿಧಾನವನ್ನು ಪ್ರಕಟಿಸಿದರು. ಬೇರೆ ಬೇರೆ ಹಿಂಡುಗಳಲ್ಲಿ, ಬೇರೆ ಬೇರೆ ಪೋಷಣೆಯಲ್ಲಿ ಬೆಳೆದ ಪ್ರಾಣಿಗಳನ್ನು ನ್ಯಾಯವಾಗಿ ಹೋಲಿಸುವ ಗಣಿತವನ್ನು ಕಾರ್ನೆಲ್ ವಿಶ್ವವಿದ್ಯಾಲಯದ ಸಿ. ಆರ್. ಹೆಂಡರ್ಸನ್ ಒದಗಿಸಿದರು. 1968ರಲ್ಲಿ ದಾಖಲೆ ವಿಧಾನಗಳನ್ನು ಏಕರೂಪಗೊಳಿಸಲು ‘ಬೀಫ್ ಇಂಪ್ರೂವ್‌ಮೆಂಟ್ ಫೆಡರೇಷನ್’ ಸ್ಥಾಪನೆಯಾಯಿತು. 1971ರಲ್ಲಿ ಸಿಮೆಂಟಲ್ ತಳಿಯ ಸಂಘ ತನ್ನ ಮೊದಲ ಹೋರಿ ಮೌಲ್ಯಮಾಪನ ಪಟ್ಟಿಯನ್ನು ಹೊರತಂದಿತು. ಹಿಂದೆ ಮುದ್ರಿತ ಪುಸ್ತಕದಲ್ಲಿ ಬರುತ್ತಿದ್ದ ಅಂತಹ ಪಟ್ಟಿಗಳು ಈಗ ಅಂತರ್ಜಾಲದಲ್ಲಿವೆ. ಕೊಳ್ಳುವವನು ತನಗೆ ಬೇಕಾದ ಕನಿಷ್ಠ, ಗರಿಷ್ಠ ಮಿತಿಗಳನ್ನು ನಮೂದಿಸಿದರೆ ಸಾವಿರಾರು ಹೋರಿಗಳ ಪೈಕಿ ಹೊಂದುವವು ಕ್ಷಣದಲ್ಲಿ ತೆರೆಯ ಮೇಲೆ ಮೂಡುತ್ತವೆ.

ಈ ಪಟ್ಟಿಗಳ ಮೂಲ ಘಟಕವನ್ನು ‘ಇ.ಪಿ.ಡಿ.’ ಎನ್ನುತ್ತಾರೆ. ಇದರ ಅರ್ಥ, ಸಂತತಿಯಲ್ಲಿ ನಿರೀಕ್ಷಿಸಬಹುದಾದ ವ್ಯತ್ಯಾಸ. ತಾಯಿಹಾಲು ಬಿಡಿಸುವ ಕಾಲದ ತೂಕದಲ್ಲಿ ಒಂದು ಹೋರಿಯ ಅಂಕಿ 75 ಪೌಂಡ್, ಇನ್ನೊಂದರದ್ದು 60 ಪೌಂಡ್ ಎಂದಿದ್ದರೆ, ಸಮಾನ ಗುಣಮಟ್ಟದ ಹಸುಗಳಲ್ಲಿ ಮೊದಲನೆಯದರ ಕರುಗಳು ಸರಾಸರಿಯಲ್ಲಿ 15 ಪೌಂಡ್ ಹೆಚ್ಚು ತೂಗುತ್ತವೆಂದು ನಿರೀಕ್ಷೆ. ಇಲ್ಲಿ ಅರ್ಥವಿರುವುದು ವ್ಯತ್ಯಾಸಕ್ಕೆ ಮಾತ್ರ. ಒಂಟಿ ಅಂಕಿಗೆ ಅರ್ಥವಿಲ್ಲ. ಪ್ರತಿ ಅಂಕಿಯ ಜೊತೆಗೆ ಸೊನ್ನೆಯಿಂದ ಒಂದರವರೆಗಿನ ನಿಖರತೆಯ ಪ್ರಮಾಣವೂ ಇರುತ್ತದೆ. ಇನ್ನೂ ಸಂತತಿಯಿಲ್ಲದ ಎಳೆಯ ಹೋರಿಯ ನಿಖರತೆ ಕಡಿಮೆ. ನೂರಾರು ಕರುಗಳ ದಾಖಲೆಯುಳ್ಳ ಹೋರಿಯದು ಹೆಚ್ಚು. ಇತ್ತೀಚಿನ ವರ್ಷಗಳಲ್ಲಿ ರೋಮ ಅಥವಾ ರಕ್ತದ ಮಾದರಿಯ ವಂಶವಾಹಿ ಪರೀಕ್ಷೆಯಿಂದ ಎಳೆಯ ಹೋರಿಗಳ ಅಂಕಿಯ ನಿಖರತೆಯೂ ಸುಧಾರಿಸಿದೆ.

ಯಾರ ಖರ್ಚು, ಯಾರ ಆದಾಯ?

ಹುಟ್ಟುವಾಗಿನ ತೂಕ, ವರ್ಷದ ತೂಕ, ಹಾಲು, ಗರ್ಭ ಕಟ್ಟುವ ಸಾಮರ್ಥ್ಯ, ಮಾಂಸದ ಎಳೆಗಳ ನಡುವಿನ ಕೊಬ್ಬು ಎಂದು ಹತ್ತಾರು ಅಂಕಿಗಳನ್ನು ಒಟ್ಟಿಗೆ ತೂಗಿ ನೋಡುವುದು ಸಾಮಾನ್ಯನಿಗೆ ಕಷ್ಟ. ಆದ್ದರಿಂದ ಹೇಝಲ್ ಅವರ ವಿಧಾನವನ್ನು ಅನುಸರಿಸಿ ತಳಿ ಸಂಘಗಳು ಎಲ್ಲವನ್ನೂ ಡಾಲರಿಗೆ ಪರಿವರ್ತಿಸಿ ಒಂದೇ ಅಂಕಿಯಾಗಿ ಕೊಡತೊಡಗಿದವು. 1883ರಲ್ಲಿ ಸ್ಥಾಪಿತವಾದ ಅಮೆರಿಕನ್ ಆಂಗಸ್ ಸಂಘದ ಇಂತಹ ಸೂಚ್ಯಂಕಗಳ ಪೈಕಿ ಹೆಚ್ಚು ಪ್ರಸಿದ್ಧವಾದದ್ದು ‘ಡಾಲರ್ ಬಿ’.

ಇಲ್ಲಿಂದಲೇ ಲೆಕ್ಕಪರಿಶೋಧಕನ ಪ್ರಶ್ನೆ ಆರಂಭವಾಗುತ್ತದೆ. ಯಾವುದೇ ಲಾಭದ ಅಂಕಿಯನ್ನು ಕಂಡಾಗ ಮೊದಲು ಕೇಳಬೇಕಾದದ್ದು, ಇದು ಯಾರ ಲಾಭ, ಇದರಲ್ಲಿ ಯಾವ ಖರ್ಚುಗಳನ್ನು ಕಳೆಯಲಾಗಿದೆ ಎಂಬುದನ್ನು. ‘ಡಾಲರ್ ಬಿ’ ಅಳೆಯುವುದು ಕರು ತಾಯಿಹಾಲು ಬಿಟ್ಟ ನಂತರದ ಹಂತವನ್ನು. ಫೀಡ್‌ಲಾಟ್ ಎಂಬ ಕೊಬ್ಬಿಸುವ ಅಂಗಳದಲ್ಲಿ ಅದು ಬೆಳೆಯುವ ವೇಗ, ಕೊನೆಗೆ ದೊರೆಯುವ ಮಾಂಸದ ತೂಕ ಹಾಗೂ ಗುಣಮಟ್ಟ, ಇವೇ ಅದರ ಆಧಾರ. ಕರುವನ್ನು ಹೆತ್ತ ಹಸುವಿನ ಮೇವು, ಅದು ವರ್ಷಕ್ಕೊಮ್ಮೆ ಗರ್ಭ ಕಟ್ಟುವುದೇ ಇಲ್ಲವೇ, ಎಷ್ಟು ವರ್ಷ ಹಿಂಡಿನಲ್ಲಿ ಬಾಳುತ್ತದೆ, ಇವು ಅದರ ವ್ಯಾಪ್ತಿಗೆ ಸೇರಿಲ್ಲ. ಸೂಚ್ಯಂಕದ ವ್ಯಾಖ್ಯೆಯಲ್ಲಿಯೇ ಈ ಮಿತಿ ಸ್ಪಷ್ಟವಾಗಿತ್ತು. ಆದರೂ ಹೆಣ್ಣುಕರುಗಳನ್ನು ಹಿಂಡಿಗೇ ಉಳಿಸಿಕೊಳ್ಳುವ ಅನೇಕರು ಆ ಒಂದು ಅಂಕಿಯನ್ನೇ ನೋಡಿ ಹೋರಿ ಕೊಂಡರು. ಪಟ್ಟಿಯನ್ನು ಆ ಅಂಕಣದ ಇಳಿಕೆ ಕ್ರಮದಲ್ಲಿ ಜೋಡಿಸಿ, ಮೇಲಿನ ಹತ್ತು ಹೆಸರುಗಳನ್ನು ಆರಿಸಿಕೊಳ್ಳುವುದು ಅಷ್ಟು ಸುಲಭವಾಗಿತ್ತು.

ಬೆಳವಣಿಗೆಯನ್ನೇ ಆರಿಸುತ್ತ ಹೋದಲ್ಲಿ ಹಸುಗಳ ಗಾತ್ರವೂ ಬೆಳೆಯುತ್ತದೆ. ಪ್ರಾಣಿಯ ದೇಹಪೋಷಣೆಗೆ ಬೇಕಾದ ಶಕ್ತಿ ಅದರ ತೂಕದ 0.75 ಘಾತಕ್ಕೆ ಅನುಗುಣವಾಗಿ ಏರುತ್ತದೆ ಎಂಬುದು ಶಾಸ್ತ್ರದ ನಿಯಮ. ಅದರಂತೆ 1,200 ಪೌಂಡಿನ ಹಸುವಿನ ಬದಲಿಗೆ 1,400 ಪೌಂಡಿನ ಹಸು ಕಟ್ಟಿದರೆ, ಅದು ಕರು ಹಾಕಲಿ ಬಿಡಲಿ, ಪೋಷಣೆಗೆ ಸುಮಾರು ಶೇಕಡಾ 12ರಷ್ಟು ಹೆಚ್ಚು ಮೇವು ಬೇಕು. ಹೆಚ್ಚುವರಿ ಮಾಂಸದ ಆದಾಯ ಬಹುಪಾಲು ಮುಂದಿನ ಹಂತದವರ ಖಾತೆಗೆ ಜಮೆಯಾಗುತ್ತದೆ. ಮೇವಿನ ಖರ್ಚು ಕರು ಸಾಕುವವನ ಖಾತೆಗೆ ಬೀಳುತ್ತದೆ. 2019ರಲ್ಲಿ ಆಂಗಸ್ ಸಂಘವು ಹಸುವಿನ ಪಾಲನ ವೆಚ್ಚವನ್ನು ಒಳಗೊಂಡ ‘ಡಾಲರ್ ಎಂ’ ಮತ್ತು ಎರಡೂ ಹಂತಗಳನ್ನು ಕೂಡಿಸಿದ ‘ಡಾಲರ್ ಸಿ’ ಎಂಬ ಸೂಚ್ಯಂಕಗಳನ್ನು ಹೊರತಂದಿತು. ಇದು ಸ್ವಾಗತಾರ್ಹ ತಿದ್ದುಪಡಿಯೇ ಸರಿ. ಆದರೆ ಅದಕ್ಕೆ ಮೊದಲು ಹುಟ್ಟಿ ಹಿಂಡು ಸೇರಿದ ಹಸುಗಳಿಗೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ.

ಒಂದು ಉದಾಹರಣೆಯ ಲೆಕ್ಕ

ವಿಷಯ ಸ್ಪಷ್ಟವಾಗಲು ಕಾಲ್ಪನಿಕ ಅಂಕಿಗಳ ಒಂದು ಲೆಕ್ಕವನ್ನು ಪರಿಶೀಲಿಸಬಹುದು. ‘ಅ’ ಎಂಬ ಹೋರಿಯ ಬೆಲೆ 7,000 ಡಾಲರ್, ತೂಕದ ಅಂಕಿ 75. ‘ಆ’ ಎಂಬ ಹೋರಿಯ ಬೆಲೆ 5,000 ಡಾಲರ್, ಅಂಕಿ 60. ಹೋರಿಯೊಂದು ವರ್ಷಕ್ಕೆ 25 ಹಸುಗಳಂತೆ ನಾಲ್ಕು ವರ್ಷ ದುಡಿದು, ಒಟ್ಟು 85 ಕರುಗಳು ಹಾಲು ಬಿಡುವ ಹಂತ ತಲಪುತ್ತವೆ. ಅವುಗಳಲ್ಲಿ 20 ಕಡಸುಗಳನ್ನು ಹಿಂಡಿಗೆ ಉಳಿಸಿಕೊಂಡು 65ನ್ನು ಮಾರಲಾಗುತ್ತದೆ ಎಂದಿಟ್ಟುಕೊಳ್ಳೋಣ. ಕೊನೆಗೆ ಎರಡೂ ಹೋರಿಗಳ ಮಾರಾಟ ಬೆಲೆ ಒಂದೇ.

ಮೊದಲ ನೋಟದ ಲೆಕ್ಕ ಹೀಗೆ: ಕರುವಿಗೆ 15 ಪೌಂಡ್ ಹೆಚ್ಚು, ಪೌಂಡಿಗೆ ಎರಡೂವರೆ ಡಾಲರ್, ಅಂದರೆ ಕರುವಿಗೆ 37.50 ಡಾಲರ್ ಹೆಚ್ಚು. 65 ಕರುಗಳಿಗೆ ಸುಮಾರು 2,437 ಡಾಲರ್. ಹೆಚ್ಚುವರಿ ಬೆಲೆ 2,000 ಡಾಲರ್ ಕಳೆದರೂ 437 ಡಾಲರ್ ಉಳಿಯಿತು. ‘ಅ’ ಹೋರಿಯೇ ಲಾಭದಾಯಕ ಎಂದು ತೀರ್ಮಾನ.

ಎರಡನೆಯ ನೋಟದಲ್ಲಿ ಚಿತ್ರ ಬದಲಾಗುತ್ತದೆ. ಕರುವಿನ ತೂಕ ಏರಿದಂತೆ ಪೌಂಡಿನ ದರ ಸ್ವಲ್ಪ ಇಳಿಯುವುದು ಆ ಮಾರುಕಟ್ಟೆಯ ವಾಡಿಕೆ. 550 ಪೌಂಡಿನ ಕರುವಿಗೆ 2.50 ಡಾಲರ್ ದರದಲ್ಲಿ 1,375 ಡಾಲರ್ ಬಂದರೆ, 565 ಪೌಂಡಿನ ಕರುವಿಗೆ 2.47 ದರದಲ್ಲಿ ಸುಮಾರು 1,395.50 ಡಾಲರ್ ಬರುತ್ತದೆ. ನಿಜವಾದ ಹೆಚ್ಚಳ 37.50 ಅಲ್ಲ, 20.50 ಮಾತ್ರ. 65 ಕರುಗಳಿಗೆ ಸುಮಾರು 1,335 ಡಾಲರ್. ಹೆಚ್ಚುವರಿ ಬೆಲೆಯೇ ಹುಟ್ಟದೆ 665 ಡಾಲರ್ ಕೊರತೆ ಬಿತ್ತು. ಮುಂದೆ, ಉಳಿಸಿಕೊಂಡ 20 ಕಡಸುಗಳು ಬೆಳೆದಾಗ ತಲಾ 60 ಪೌಂಡ್ ಹೆಚ್ಚು ತೂಗಿ, ವರ್ಷಕ್ಕೆ 15 ಡಾಲರಿನ ಮೇವು ಹೆಚ್ಚು ತಿಂದರೆ, ಆರು ವರ್ಷಕ್ಕೆ 1,800 ಡಾಲರ್ ಖರ್ಚು. ಕೊನೆಗೆ ಆ ಹಸುಗಳನ್ನು ಮಾರುವಾಗ ಹೆಚ್ಚಿನ ತೂಕಕ್ಕೆ ಪೌಂಡಿಗೆ ಒಂದು ಡಾಲರಿನಂತೆ 1,200 ಡಾಲರ್ ಜಮೆ ಹಿಡಿಯುವುದು ನ್ಯಾಯ. ಆದರೂ ಒಟ್ಟು ಕೊರತೆ ಸುಮಾರು 1,265 ಡಾಲರ್. ಖರ್ಚು ಮೊದಲು, ಜಮೆ ಬಹಳ ವರ್ಷಗಳ ನಂತರ ಎಂಬುದನ್ನು ಗಮನಿಸಿ ಬಡ್ಡಿ ಹಿಡಿದರೆ ಕೊರತೆ ಇನ್ನೂ ಹೆಚ್ಚು.

ಹಾಗೆಂದು ‘ಅ’ ಕೆಟ್ಟ ಹೋರಿಯಲ್ಲ. ಒಂದೂ ಕಡಸನ್ನು ಉಳಿಸಿಕೊಳ್ಳದೆ, ಎಲ್ಲ ಕರುಗಳನ್ನೂ ಕೊನೆಯ ಹಂತದವರೆಗೆ ತಾನೇ ಬೆಳೆಸಿ ಮಾರುವ ಮಾಲೀಕನಿಗೆ ಅದೇ ಹೋರಿ ಲಾಭ ತರಬಹುದು. ಹೋರಿ ಒಂದೇ, ಅಂಕಿ ಒಂದೇ; ಲೆಕ್ಕಪುಸ್ತಕ ಬೇರೆಯಾದಾಗ ಫಲಿತಾಂಶ ಬೇರೆ.

ಸೂಚ್ಯಂಕದಲ್ಲಿ ಕಾಣದ ಬಾಬುಗಳು

ಒಂದೇ ತಳಿಯ ಪಟ್ಟಿಯಲ್ಲಿ ಕಾಣದ ಇನ್ನೊಂದು ದೊಡ್ಡ ಬಾಬು ಮಿಶ್ರತಳಿಯ ಲಾಭ. ನೆಬ್ರಾಸ್ಕಾ ರಾಜ್ಯದಲ್ಲಿ ಹೆರೆಫರ್ಡ್, ಆಂಗಸ್, ಶಾರ್ಟ್‌ಹಾರ್ನ್ ತಳಿಗಳ ಮೇಲೆ ನಡೆದು 1970ರ ದಶಕದಲ್ಲಿ ಪ್ರಕಟವಾದ ಪ್ರಯೋಗಗಳಲ್ಲಿ, ಮಿಶ್ರತಳಿಯ ಹಸುವಿನಿಂದ ಮಿಶ್ರತಳಿಯ ಕರು ಪಡೆದಾಗ ಹಸುವೊಂದರ ಲೆಕ್ಕದಲ್ಲಿ ದೊರೆತ ಕರುವಿನ ತೂಕ ಶುದ್ಧ ತಳಿಗಿಂತ ಸುಮಾರು ಶೇಕಡಾ 23ರಷ್ಟು ಹೆಚ್ಚಾಗಿತ್ತು. ಅದರ ಹೆಚ್ಚಿನ ಪಾಲು ಬಂದದ್ದು ಮಿಶ್ರತಳಿಯ ತಾಯಿಯಿಂದ. ಗರ್ಭಧಾರಣೆ, ಬಾಳಿಕೆ ಮೊದಲಾದ ಗುಣಗಳು ಆಯ್ಕೆಯಿಂದ ನಿಧಾನವಾಗಿಯೂ ಮಿಶ್ರಣದಿಂದ ಬೇಗನೆಯೂ ಸುಧಾರಿಸುತ್ತವೆ. ಅಮೆರಿಕದ ದಕ್ಷಿಣ ರಾಜ್ಯಗಳ ಬಿಸಿಲಿನಲ್ಲಿ ಈ ಲಾಭ ಇನ್ನೂ ಹೆಚ್ಚು. ಅದಕ್ಕೆ ಆಧಾರವಾದದ್ದು ಬ್ರಾಹ್ಮನ್ ತಳಿ. ಕನ್ನಡಿಗರಿಗೆ ಕುತೂಹಲದ ಸಂಗತಿಯೆಂದರೆ, ಅಮೆರಿಕದಲ್ಲಿ ರೂಪುಗೊಂಡ ಆ ತಳಿಯ ಮೂಲದಲ್ಲಿ ಗಿರ್, ಗುಜರಾತಿನ ಮತ್ತು ಓಂಗೋಲಿನ ದನಗಳ ಜೊತೆಗೆ ಕೃಷ್ಣಾ ಕಣಿವೆಯ ತಳಿಯೂ ಸೇರಿದೆ. ಉತ್ತರ ಕರ್ನಾಟಕದ ಎರೆಭೂಮಿಯಲ್ಲಿ ನೇಗಿಲೆಳೆದ ಆ ತಳಿ ಇಂದು ತನ್ನ ತವರಿನಲ್ಲೇ ವಿರಳ.

ಎರಡನೆಯ ಬಾಬು ಒಂದೇ ಕಡೆ ಕೇಂದ್ರೀಕೃತವಾಗುವ ಅಪಾಯ. ಎಲ್ಲರೂ ಒಂದೇ ಅಂಕಣವನ್ನು ನೋಡಿ ಕೊಂಡರೆ ಎಲ್ಲರ ಹಿಂಡಿಗೂ ಅದೇ ಕೆಲವು ಹೋರಿಗಳ ರಕ್ತ ಸೇರುತ್ತದೆ. 2008ರಲ್ಲಿ ಆಂಗಸ್ ತಳಿಯಲ್ಲಿ ಕರುಗಳು ಬೆನ್ನು, ಕಾಲು ಸೊಟ್ಟಗಾಗಿ ಸತ್ತು ಹುಟ್ಟುವ ಅನುವಂಶಿಕ ದೋಷವೊಂದು ಬೆಳಕಿಗೆ ಬಂದಿತು. ಉತ್ತಮ ಅಂಕಿಗಳಿಂದಾಗಿ ಕೃತಕ ಗರ್ಭಧಾರಣೆಯಲ್ಲಿ ವ್ಯಾಪಕವಾಗಿ ಬಳಕೆಯಾಗಿದ್ದ ಒಂದು ಹೋರಿಯ ವಂಶದಲ್ಲಿ ಅದರ ಜಾಡು ಸಿಕ್ಕಿತು. ದೋಷ ಹೊತ್ತಿರುವ ಪ್ರಾಣಿಗಳನ್ನು ಗುರುತಿಸುವ ಪರೀಕ್ಷೆ ಬೇಗನೆ ಸಿದ್ಧವಾಯಿತಾದರೂ, ಆ ವಂಶದ ಪ್ರಾಣಿಗಳಿಗೆ ಹೆಚ್ಚಿನ ಬೆಲೆ ತೆತ್ತಿದ್ದವರ ಆಸ್ತಿಮೌಲ್ಯ ಕುಸಿಯಿತು. ಬಂಡವಾಳವನ್ನು ಒಂದೇ ಷೇರಿನಲ್ಲಿ ತೊಡಗಿಸಬಾರದೆಂಬ ನೀತಿ ಹಿಂಡಿಗೂ ಅನ್ವಯಿಸುತ್ತದೆ.

ಮೂರನೆಯದು ತಕ್ಕಡಿ ಯಾರದ್ದು ಎಂಬ ಪ್ರಶ್ನೆ. ಸೂಚ್ಯಂಕ ಪ್ರಕಟಿಸುವ ತಳಿ ಸಂಘಕ್ಕೆ ಆ ತಳಿಯ ನೋಂದಣಿಯಿಂದ ಆದಾಯವಿದೆ. ವೀರ್ಯ ಮಾರುವ ಸಂಸ್ಥೆಗೆ ಮಾರಾಟದಿಂದ ಆದಾಯವಿದೆ. ಇದರಲ್ಲಿ ತಪ್ಪೇನೂ ಇಲ್ಲ, ಅಂಕಿಗಳೂ ಪ್ರಾಮಾಣಿಕವೇ. ಆದರೆ ಒಂದು ತಳಿಯ ಸಂಘ ಇನ್ನೊಂದು ತಳಿಯ ಹೋರಿಯನ್ನು ಕೊಳ್ಳಿರೆಂದು ಸಲಹೆ ಕೊಡಲಾರದು. ಆ ಸಲಹೆ ಬೇಕಾದವನು ಬೇರೆ ಕಡೆ ನೋಡಬೇಕು.

ಸ್ವಂತ ಅಂಕಿಗಳನ್ನು ಕೇಳುವ ಸಾಧನ

ಈ ಕೊರತೆಯನ್ನು ತುಂಬುವ ಪ್ರಯತ್ನವೂ ನಡೆದಿದೆ. ನೆಬ್ರಾಸ್ಕಾ ಮತ್ತು ಕ್ಯಾನ್ಸಸ್ ರಾಜ್ಯಗಳ ವಿಶ್ವವಿದ್ಯಾಲಯಗಳ ತಜ್ಞರು, ಕ್ಲೇ ಸೆಂಟರಿನ ಸರ್ಕಾರಿ ಸಂಶೋಧನಾ ಕೇಂದ್ರದ ಸಹಯೋಗದಲ್ಲಿ, ‘ಐಜೆನ್‌ಡೆಕ್’ ಎಂಬ ಅಂತರ್ಜಾಲ ಸಾಧನವನ್ನು ರೂಪಿಸಿದರು. ಅದರ ವೈಶಿಷ್ಟ್ಯವೆಂದರೆ ಅದು ಉತ್ತರ ಕೊಡುವ ಮೊದಲು ಪ್ರಶ್ನೆ ಕೇಳುತ್ತದೆ. ಕಡಸುಗಳನ್ನು ಉಳಿಸಿಕೊಳ್ಳುವುದುಂಟೇ? ಕರುಗಳನ್ನು ಯಾವ ಹಂತದಲ್ಲಿ ಮಾರಾಟ ಮಾಡಲಾಗುತ್ತದೆ? ಹಿಂಡಿನಲ್ಲಿರುವ ಹಸುಗಳ ತಳಿ ಯಾವುದು? ಖರ್ಚು, ದರಗಳು ಎಷ್ಟು? ಈ ಮಾಹಿತಿಯ ಆಧಾರದ ಮೇಲೆ ಆ ಒಂದು ಹಿಂಡಿಗೆ ಮಾತ್ರ ಸಲ್ಲುವ ಸೂಚ್ಯಂಕ ಸಿದ್ಧವಾಗುತ್ತದೆ. ಪಕ್ಕದ ಹೊಲದವನ ಸೂಚ್ಯಂಕ ಬೇರೆಯೇ ಇರಬಹುದು.

ಆದರೆ ಇಲ್ಲಿ ಒಂದು ಅಡಚಣೆ ಇದೆ. ಸಾಧನ ಕೇಳುವ ಪ್ರಶ್ನೆಗಳಿಗೆ ಉತ್ತರಿಸಲು ಮಾಲೀಕನ ಬಳಿ ಲೆಕ್ಕ ಇರಬೇಕು. ಒಂದು ಹಸುವಿನ ವಾರ್ಷಿಕ ಖರ್ಚೆಷ್ಟು, ನೂರು ಹಸುಗಳಲ್ಲಿ ಗರ್ಭ ಕಟ್ಟದವು ಎಷ್ಟು, ಸತ್ತ ಕರುಗಳೆಷ್ಟು ಎಂಬುದನ್ನು ಬರೆದಿಡದವನು ಸಾಧನದಲ್ಲಿ ಮೊದಲೇ ತುಂಬಿಟ್ಟ ಸರಾಸರಿ ಅಂಕಿಗಳನ್ನೇ ಒಪ್ಪಿಕೊಳ್ಳುತ್ತಾನೆ. ಆಗ ಅವನು ಪಡೆಯುವುದು ತನ್ನ ಹಿಂಡಿಗೆ ಬೇಕಾದ ಹೋರಿಯನ್ನಲ್ಲ, ಎಲ್ಲಿಯೂ ಇರದ ಸರಾಸರಿ ಹಿಂಡಿಗೆ ಬೇಕಾದ ಹೋರಿಯನ್ನು.

ಇಲ್ಲಿಯ ಉದ್ಯಮಿಗೆ ಅನ್ವಯ

ಇದು ದೂರದ ದೇಶದ ಸಂಗತಿಯೆಂದು ತಳ್ಳಿಹಾಕುವಂತಿಲ್ಲ. ಭಾರತದ ಹೈನುಗಾರಿಕೆಗೂ ಇದೇ ಶಾಸ್ತ್ರ ಬಂದಿದೆ. 2024ರ ಅಕ್ಟೋಬರ್‌ನಲ್ಲಿ ದೇಶೀಯ ದನ ಮತ್ತು ಎಮ್ಮೆಗಳ ವಂಶವಾಹಿ ಪರೀಕ್ಷೆಗಾಗಿ ‘ಗೌ ಚಿಪ್’, ‘ಮಹಿಷ್ ಚಿಪ್’ಗಳನ್ನು ಕೇಂದ್ರ ಸರ್ಕಾರ ಬಿಡುಗಡೆ ಮಾಡಿತು. ಹೋರಿಯ ಮೌಲ್ಯವನ್ನು ಅಂಕಿಯಲ್ಲಿ ನೋಡಿ ವೀರ್ಯ ಆರಿಸುವ ಪದ್ಧತಿ ಬೆಳೆದಂತೆ, ಹಾಲಿನ ಲೀಟರುಗಳನ್ನೇ ನೋಡಬೇಕೇ, ಕೊಬ್ಬಿನಂಶ, ಬಾಳಿಕೆ, ಪಶುವೈದ್ಯಕೀಯ ಖರ್ಚು, ಮೇವಿನ ದರಗಳನ್ನೂ ನೋಡಬೇಕೇ ಎಂಬ ಪ್ರಶ್ನೆ ಇಲ್ಲಿಯ ಹೈನುಗಾರನಿಗೂ, ಅವನಿಗೆ ಪಶು ಆಹಾರ, ಉಪಕರಣ ಪೂರೈಸುವ ಉದ್ಯಮಿಗೂ ಎದುರಾಗಲಿದೆ.

ಹೈನುಗಾರಿಕೆಯ ಹೊರಗೂ ಮಾತು ಇದೇ. ಗಂಟೆಗೆ ಹೆಚ್ಚು ಬಿಡಿಭಾಗ ತಯಾರಿಸುವ ಯಂತ್ರ, ಆ ವೇಗಕ್ಕೆ ತಕ್ಕ ಬೇಡಿಕೆ ಇಲ್ಲದ ಕಾರ್ಖಾನೆಯಲ್ಲಿ ವಿದ್ಯುತ್ ಮತ್ತು ಬಡ್ಡಿಯ ಖರ್ಚನ್ನಷ್ಟೇ ಹೆಚ್ಚಿಸುತ್ತದೆ. ಹೆಚ್ಚು ವಹಿವಾಟು ತರುವ ಗ್ರಾಹಕ, ಉದ್ದರಿಯ ಅವಧಿಯನ್ನು ಲೆಕ್ಕ ಹಿಡಿದಾಗ ನಷ್ಟದ ಗ್ರಾಹಕನೆಂದು ಗೊತ್ತಾಗುವುದುಂಟು. ಅಗ್ಗದ ಆಸೆಗೆ ಮುಗ್ಗಿದ ಜೋಳ ಕೊಂಡವರ ಗಾದೆ ಎಲ್ಲರಿಗೂ ಗೊತ್ತು. ದೊಡ್ಡ ಅಂಕಿಯ ಆಸೆಗೆ ದುಬಾರಿ ಹೋರಿ ಕೊಂಡವರ ಸ್ಥಿತಿಯೂ ಅದಕ್ಕಿಂತ ಭಿನ್ನವಲ್ಲ.

ಅಂತರ್ಜಾಲದ ಸಾಧನಗಳನ್ನು ದೂರವಿಡಬೇಕೆಂಬುದು ಇದರ ತಾತ್ಪರ್ಯವಲ್ಲ. ಕಣ್ಣಳತೆಗಿಂತ ಅಂಕಿ ಮೇಲು ಎಂಬುದನ್ನು ಕುಬ್ಜ ಕರುಗಳ ಕಾಲವೇ ಸಾಬೀತು ಮಾಡಿದೆ. ಆದರೆ ಅಂಕಿಯನ್ನು ಬಳಸುವ ಮೊದಲು ಮಾಲೀಕನು ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು. ಆ ಅಂಕಿಯಲ್ಲಿ ಯಾವ ಖರ್ಚು ಸೇರಿದೆ, ಯಾವುದು ಬಿಟ್ಟುಹೋಗಿದೆ? ಅದರ ಹಿಂದಿರುವ ವ್ಯಾಪಾರದ ರೀತಿ ತನ್ನದೇ, ಬೇರೆಯವರದ್ದೇ? ಅಂಕಿ ತಪ್ಪಾದರೆ ಆ ತಪ್ಪು ಎಷ್ಟು ವರ್ಷ ಉಳಿಯುತ್ತದೆ? ಈ ಮೂರಕ್ಕೂ ಉತ್ತರ ಅಂತರ್ಜಾಲದಲ್ಲಿ ದೊರೆಯುವುದಿಲ್ಲ. ಅದು ಮಾಲೀಕನ ಸ್ವಂತ ಖಾತೆ ಪುಸ್ತಕದಲ್ಲಿರಬೇಕು. ಇಲ್ಲದಿದ್ದಲ್ಲಿ ಹೋರಿ ಕೊಳ್ಳುವುದಕ್ಕೆ ಮೊದಲು ಆ ಪುಸ್ತಕವನ್ನು ಬರೆಯಲು ಆರಂಭಿಸುವುದು ಒಳಿತು.